ನಿಂಬೆ ಸಾಹೇಬರ ಅಂತರಿಕ್ಷ ತಾಲೀಮು

ಕೂತ ಕುರ್ಚಿ ಸ್ವಲ್ಪ ಅಲ್ಲಾಡಿದರೂ ನಿಂಬೆ ಸಾಹೇಬರಿಗೆ ಹೊಟ್ಟೆ ತೊಳಸುತ್ತಿತ್ತು. ಇದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ನೀರು ಸರಬರಾಜು ಕಚೇರಿಯ ಜವಾನನಿಂದ ಹಿಡಿದು ದೊಡ್ಡ ಇಂಜಿನಿಯರರ ತನಕ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿ. ಬಸ್ಸು ಕಂಡರೆ ಅವರ ಬಾಯಲ್ಲಿ ನೀರೂರುತ್ತಿತ್ತು, ಆದರೆ ಆಸೆಯಿಂದಲ್ಲ. ಲಿಫ್ಟಿನಲ್ಲಿ ಒಂದು ಮಹಡಿ ಏರಿದರೆ ಹೊರಗೆ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದರು. ಜೇಬಿನಲ್ಲಿ ಸದಾ ಮೂಸಿ ನೋಡಲು ಒಂದು ನಿಂಬೆಹಣ್ಣು ಇರುತ್ತಿತ್ತು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದವರಾದ್ದರಿಂದ ಹೆಂಗಸರೆಲ್ಲ ‘ಸಾಹೇಬ್ರು’ ಎನ್ನುತ್ತಿದ್ದರು. ಸಾಹೇಬರ ಮುಂದೆ ನಿಂಬೆ ಹೇಗೆ ಸೇರಿಕೊಂಡಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಮೀಟರಿನವರು ಬೈಕಿನಲ್ಲಿ ತಿರುಗಿದರೆ ಸಾಹೇಬರು ನಡೆದೇ ತಿರುಗುತ್ತಿದ್ದರು. "ನಡಿಗೆ ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಿದ್ದರು. ಯಾರ ಆರೋಗ್ಯಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅವರ ಪಕ್ಕ ಬಸ್ಸಿನಲ್ಲಿ ಕೂತು ಅನುಭವಿಸಿದವರು ಊರಲ್ಲಿ ಸಾಕಷ್ಟು ಜನ ಇದ್ದರು.

ಅವರಲ್ಲಿ ಮೊದಲಿಗರು ಸಾಹೇಬರ ಮಾವ. ಮದುವೆ ಮುಗಿಸಿ ಮದುಮಗಳೂ ಹೆಂಗಸರೂ ನಡೆದು, ಗಂಡಸರೆಲ್ಲ ಬಸ್ಸಿನಲ್ಲಿ ಬರುವಾಗ ಹೊಸ ಅಳಿಯ ಮಾವನ ಹೊಸ ಕೋಟನ್ನು ಹಾಳು ಮಾಡಿದ್ದ. ಪ್ರಯಾಣವಾದರೂ ಎಷ್ಟು ದೂರ? ಪಕ್ಕದ ಬಡಾವಣೆಗೆ. ಆ ಬಸ್ಸು ಓಡಿಸುತ್ತಿದ್ದವನು ಸಾಹೇಬರ ಹೆಂಡತಿಯ ತಮ್ಮ. ಈಗ ಅವನದೇ ಒಂದು ಟೂರಿಸ್ಟ್ ಬಸ್ಸಿದೆ. ವಾರಕ್ಕೊಮ್ಮೆ ಊರಿನವರನ್ನು ತುಂಬಿಕೊಂಡು ಹೋಗಿ ಸಮುದ್ರ ತೋರಿಸಿ ಕರೆದುಕೊಂಡು ಬರುತ್ತಾನೆ. "ಭಾವ, ನನ್ನ ಮನೇಲಿ ಏನು ಬೇಕಾದ್ರೂ ಕೇಳಿ, ಬಸ್ಸಲ್ಲಿ ಸೀಟು ಮಾತ್ರ ಕೇಳಬೇಡಿ" ಎಂದು ಅವನು ಮದುವೆಯ ದಿನವೇ ಕೈ ಮುಗಿದಿದ್ದ.

ಹೀಗಾಗಿ ಊರೆಲ್ಲ ನೋಡಿ ಬಂದ ಸಮುದ್ರವನ್ನು ಬಸ್ಸಿನವನ ಸ್ವಂತ ಅಕ್ಕ ನೋಡಿರಲಿಲ್ಲ. ಆಕೆ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ. ತಮ್ಮ ಕರೆದಾಗೆಲ್ಲ "ಗಂಡನ್ನ ಮನೇಲಿ ಬಿಟ್ಟು ನಾನೊಬ್ಬಳೇ ಹೋಗಲಾ? ಬೇಡಪ್ಪ" ಎಂದು ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ಸಾಹೇಬರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು "ಅಲ್ಲಿ ನೋಡೋಕೆ ಏನಿದೆ? ಬರೀ ನೀರು. ನಾನು ದಿನಾ ನೋಡೋದು ಅದನ್ನೇ" ಎನ್ನುತ್ತಿದ್ದರು. ಆದರೆ ಆ ಮಾತು ಮುಗಿದ ಮೇಲೆ ಪೇಪರಿನ ಒಂದಕ್ಷರವೂ ಅವರ ತಲೆಗೆ ಹೋಗುತ್ತಿರಲಿಲ್ಲ. ಹೆಂಡತಿಗೆ ಒಂದು ಸಮುದ್ರ ತೋರಿಸಲಾರದ ಗಂಡಸು ಎಂಬ ನೋವು ಅವರಿಗೆ ನಿಜವಾಗಿಯೂ ಇತ್ತು.

ಇಂಥ ಸಾಹೇಬರು ಒಂದು ದಿನ ಮುಚ್ಚಿಹೋದ ಚಿತ್ರಮಂದಿರದ ಮೀಟರ್ ಓದಲು ಹೋದರು. ಎಷ್ಟೋ ಕಾಲದಿಂದ ಸುಮ್ಮನೆ ಮಲಗಿದ್ದ ಆ ಮೀಟರು ಇದ್ದಕ್ಕಿದ್ದಂತೆ ತಿರುಗತೊಡಗಿತ್ತು. ಅದಿದ್ದದ್ದು ಪರದೆಯ ಹಿಂದಿನ ಗೋಡೆಯಲ್ಲಿ. ಒಳಗೆ ಕಾಲಿಟ್ಟರೆ ಪ್ರೇಕ್ಷಕರ ಸೀಟುಗಳೆಲ್ಲ ಮಾಯ! ಸಭಾಂಗಣದ ನಡುವೆ ಕಬ್ಬಿಣದ ಉದ್ದನೆಯ ತೋಳು, ಅದರ ತುದಿಯಲ್ಲಿ ಒಂದು ಕುರ್ಚಿ. ಕುರ್ಚಿಯಲ್ಲಿ ಗಡ್ಡದ ಇಂಜಿನಿಯರೊಬ್ಬ ಬೆಲ್ಟು ಬಿಗಿದುಕೊಂಡು ಗಿರಗಿರ ತಿರುಗುತ್ತ, ನಡುನಡುವೆ ತಲೆಕೆಳಗಾಗುತ್ತ, "ಇನ್ನೂ ಜೋರಾಗಿ ಬಿಡ್ರೋ" ಎಂದು ನಗುತ್ತಿದ್ದ. ಸಾಹೇಬರು ನೋಡಿದರು. ಒಂದು ಸುತ್ತು ನೋಡಿದರು, ಇನ್ನೊಂದು ಸುತ್ತು ನೋಡಿದರು. ಆಮೇಲೆ ಹತ್ತಿರದ ಕಂಬವನ್ನು ತಬ್ಬಿಕೊಂಡು ಬೆಳಗಿನ ತಿಂಡಿಯನ್ನು ಅದರ ಬುಡಕ್ಕೆ ಒಪ್ಪಿಸಿದರು.

ಟೈ ಕಟ್ಟಿದ ಮ್ಯಾನೇಜರ್ ಓಡಿ ಬಂದ. ಬೈಗುಳ ತಿನ್ನಲು ಸಾಹೇಬರು ಸಿದ್ಧರಾದರು. ಮ್ಯಾನೇಜರ್ ಅವರ ಎರಡೂ ಕೈ ಹಿಡಿದುಕೊಂಡ.

"ಸಾರ್, ನೀವು ಕುರ್ಚೀಲಿ ಕೂತಿರ್ಲಿಲ್ಲ ಅಲ್ವಾ?"

"ಇಲ್ಲಪ್ಪ. ಸುಮ್ಮನೆ ನೋಡಿದೆ."

"ಬರೀ ನೋಡಿದ್ದಕ್ಕೇ?" ಮ್ಯಾನೇಜರನ ಕಣ್ಣಲ್ಲಿ ನೀರು ಬಂತು. "ಎಲ್ಲಿದ್ರಿ ಸಾರ್ ಇಷ್ಟು ದಿನ?"

ಆಮೇಲೆ ಅವರನ್ನು ಕೂರಿಸಿ, ಮುಖ ತೊಳೆಸಿ, ವಿಷಯ ಹೇಳಿದ. ಅವರದು ಅಂತರಿಕ್ಷ ಪ್ರವಾಸದ ಕಂಪನಿ. ಇಷ್ಟರಲ್ಲೇ ಜನರನ್ನು ಆಕಾಶದಾಚೆಗೆ ಟೂರ್ ಕರೆದುಕೊಂಡು ಹೋಗುತ್ತದೆ.

"ರಾಕೆಟ್ ಎಲ್ಲಿ?" ಸಾಹೇಬರು ಸುತ್ತಲೂ ನೋಡಿದರು.

"ಅದು ಬರ್ತಾ ಇದೆ ಸಾರ್. ಸದ್ಯಕ್ಕೆ ಕುರ್ಚಿ ಬಂದಿದೆ."

ಕುರ್ಚಿಯೇ ಮುಖ್ಯ ಎಂದು ಮ್ಯಾನೇಜರ್ ವಿವರಿಸಿದ. "ಭೂಮಿ ಮೇಲೆ ಕಕ್ಕಿದ್ರೆ ಕೆಳಗೆ ಬೀಳುತ್ತೆ, ನೀರು ಹಾಕಿ ತೊಳೀಬಹುದು. ಅಲ್ಲಿ ಬೀಳೋದೇ ಇಲ್ಲ ಸಾರ್! ಎಲ್ಲರ ಮುಖದ ಮುಂದೆ ತೇಲ್ತಾ ಇರುತ್ತೆ. ಒಬ್ಬ ಪ್ರಯಾಣಿಕ ಕಕ್ಕಿದ್ರೆ ಇಡೀ ಉದ್ಯಮಾನೇ ಮುಳುಗಿಹೋಗುತ್ತೆ. ಅದಕ್ಕೆ ಯಾರಿಗೂ ಹೊಟ್ಟೆ ತೊಳಸದಂಥ ಕುರ್ಚಿ ಮಾಡ್ತಿದೀವಿ. ಆದ್ರೆ ನಮ್ಮ ಹುಡುಗ್ರೆಲ್ಲ ಕಲ್ಲು ತಿಂದು ಕರಗಿಸೋರು, ಎಷ್ಟು ತಿರುಗಿಸಿದ್ರೂ ಇನ್ನೂ ತಿರುಗ್ಸು ಅಂತಾರೆ. ಕುರ್ಚಿ ಸುಧಾರಿಸ್ತಾ ಕೆಡ್ತಾ ಅಂತ ಗೊತ್ತಾಗೋದು ಹೇಗೆ? ನಮಗೆ ನಿಮ್ಮಂಥ ಸೂಕ್ಷ್ಮವಾದ ಹೊಟ್ಟೆ ಬೇಕು. ನೀವು ಕಕ್ಕದೇ ಇಳಿದ ದಿನ ನಮ್ಮ ಕುರ್ಚಿ ಗೆದ್ದಂಗೆ."

ಬದುಕಿನಲ್ಲಿ ಯಾರೂ ಸಾಹೇಬರ ಹೊಟ್ಟೆಯ ಬಗ್ಗೆ ಇಷ್ಟು ಗೌರವದಿಂದ ಮಾತಾಡಿರಲಿಲ್ಲ. ದಿನಾ ಬೆಳಿಗ್ಗೆ ಮೀಟರ್ ಓದಲು ಹೊರಡುವ ಮುಂಚೆ ಬಂದು ಕುರ್ಚಿಯಲ್ಲಿ ತಿರುಗಿ ಹೋಗುವುದಾಗಿ ಅವರು ಒಪ್ಪಿಕೊಂಡರು.

ಮನೆಗೆ ಬಂದವರು ಹೆಂಡತಿಗೆ "ಲೇ, ಅಂತರಿಕ್ಷ ಕಂಪನಿಯೋರು ನನ್ನನ್ನ ಆಯ್ಕೆ ಮಾಡಿದಾರೆ" ಎಂದರು. ಇಷ್ಟು ಪೂರ್ತಿ ನಿಜ. ಭಾವಮೈದನೂ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. "ನಿಮ್ಮನ್ನಾ? ಯಾತಕ್ಕೆ ಭಾವ?" ಎಂದು ನಗುತ್ತ ಕೇಳಿದ. ಆ ನಗು ಸಾಹೇಬರಿಗೆ ಚುಚ್ಚಿತು. ಅವರು ಬಾಯಿ ತೆರೆಯಲಿಲ್ಲ. ಬಲಗೈಯ ತೋರುಬೆರಳನ್ನು ನಿಧಾನವಾಗಿ ಎತ್ತಿ ಚಾವಣಿಯ ಕಡೆ ತೋರಿಸಿದರು. ಸುಳ್ಳು ಹೇಳಿದ್ದು ಬೆರಳು, ನಾಲಗೆಯಲ್ಲ ಎಂದು ಅವರು ಆಮೇಲೆ ಬಹಳ ಸಲ ಸಮಾಧಾನ ಹೇಳಿಕೊಂಡರು.

ಭಾವಮೈದನ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಅವನು ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಒರೆಸಿ, "ಕೂತ್ಕೊಳ್ಳಿ ಭಾವ" ಎಂದ. ಮದುವೆಯಾದಂದಿನಿಂದ ಅವನು ಭಾವನಿಗೆ ಕುರ್ಚಿ ಬಿಟ್ಟುಕೊಟ್ಟದ್ದು ಅದೇ ಮೊದಲು. ಬೆರಳನ್ನು ಕೆಳಗಿಳಿಸುವ ಧೈರ್ಯ ಸಾಹೇಬರಿಗೆ ಬರಲಿಲ್ಲ. ಹೆಂಡತಿ ಮಾತ್ರ ಗಂಡನ ಶರಟಿನ ಮುಂಭಾಗವನ್ನು ಒಮ್ಮೆ ನೋಡಿ, ಒಳಗೆ ಹೋದಳು.

ಮರುದಿನ ಬೀದಿಯಲ್ಲಿ ಗಾಳಿ ಬೀಸುವ ಮುಂಚೆಯೇ ಸುದ್ದಿ ಬೀಸಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೆಳಿಗ್ಗೆಯೇ ಚಿತ್ರಮಂದಿರದ ಗೋಡೆಗೆ ಕಿವಿಕೊಟ್ಟು ನಿಂತರು. ಒಳಗಿನಿಂದ "ಓವ್… ಓವ್… ಓವಾಕ್" ಎಂಬ ದನಿ ಕೇಳಿಸಿತು. ಪಾಮರರಾಗಿದ್ದರೆ ಅದನ್ನು ಅದೇ ಎಂದು ಗುರುತಿಸುತ್ತಿದ್ದರು. ಮೇಷ್ಟ್ರು ಓದಿಕೊಂಡವರು.

"ಉಸಿರಾಟದ ತಾಲೀಮು!" ಎಂದು ಅವರು ಪಾರ್ಕಿನಲ್ಲಿ ಘೋಷಿಸಿದರು. "ಮೇಲೆ ಗಾಳಿ ಇರಲ್ಲ ನೋಡಿ. ಅದಕ್ಕೆ ಇಲ್ಲೇ ಹೊಟ್ಟೆಯಿಂದ ಗಾಳಿ ಎಳೆದು ಹೊರಗೆ ಹಾಕೋದನ್ನ ಕಲಿಸ್ತಾರೆ. ಪುಪ್ಪುಸಕ್ಕೆ ಬಹಳ ಒಳ್ಳೇದು."

ವಾರ ಕಳೆಯುವುದರೊಳಗೆ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರೆಲ್ಲ ಸಾಲಾಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿ, "ಓವ್… ಓವ್… ಓವಾಕ್" ಎನ್ನತೊಡಗಿದರು. ಬೆಳಗಾದರೆ ಇಡೀ ಬಡಾವಣೆಗೆ ಏನೋ ತಿಂದು ಕೆಟ್ಟಂತೆ ಕೇಳಿಸುತ್ತಿತ್ತು. ಮಂಡಿನೋವು ವಾಸಿಯಾಯಿತು ಎಂದು ಒಬ್ಬರು, ಹಸಿವು ಹೆಚ್ಚಾಯಿತು ಎಂದು ಇನ್ನೊಬ್ಬರು ಸಾಕ್ಷಿ ನುಡಿದರು. ತಾಲೀಮು ಮುಗಿಸಿ ಹೊರಬರುವ ಸಾಹೇಬರ ಬಿಳಿಚಿಕೊಂಡ ಮುಖ, ತೂರಾಡುವ ನಡಿಗೆ ನೋಡಿ ಜನ ಬದಿಗೆ ಸರಿದು ದಾರಿ ಬಿಡುತ್ತಿದ್ದರು. "ಎಷ್ಟು ಕಷ್ಟಪಡ್ತಾರೆ ನೋಡಿ ಪಾಪ, ದೇಶಕ್ಕೋಸ್ಕರ" ಎನ್ನುತ್ತಿದ್ದರು.

ಬೀದಿಯ ತುದಿಯ ಲಾಡ್ಜಿನ ಮಾಲೀಕರಿಗೆ ದೇಶಕ್ಕಿಂತ ಲಾಡ್ಜು ಹತ್ತಿರ. ಅವರು ಸಾಹೇಬರನ್ನು ದಾರಿಯಲ್ಲೇ ಹಿಡಿದರು.

"ಸಾಹೇಬ್ರೇ, ಮೇಲೆ ಹೋಗೋ ಟೂರಿಸ್ಟುಗಳು ಹಿಂದಿನ ದಿನ ಎಲ್ಲಿ ತಂಗ್ತಾರೆ? ನಮ್ಮಲ್ಲೇ ತಾನೇ? ಇನ್ನೊಂದು ಮಹಡಿ ಎಬ್ಬಿಸ್ತಾ ಇದೀನಿ. ಅಂತರಿಕ್ಷ ನೋಟದ ಕೋಣೆಗಳು."

"ಅಂದ್ರೆ?"

"ಕಿಟಕಿಯಿಂದ ನೋಡಿದ್ರೆ ಆಕಾಶ ಕಾಣುತ್ತೆ."

"ಎಲ್ಲಾ ಕಿಟಕೀಲೂ ಆಕಾಶ ಕಾಣುತ್ತಲ್ರೀ?"

"ಕಾಣುತ್ತೆ. ಆದ್ರೆ ಇದುವರೆಗೂ ಪುಕ್ಕಟೆ ಕಾಣಿಸ್ತಿತ್ತು" ಎಂದು ಮಾಲೀಕರು ಬೇಸರದಿಂದ ತಲೆಯಲ್ಲಾಡಿಸಿದರು.

ಭಾವಮೈದನಿಗೆ ಮಾತ್ರ ಗೌರವದ ಜೊತೆಗೆ ಹೊಟ್ಟೆಯುರಿಯೂ ಹುಟ್ಟಿತು. ಎಷ್ಟೆಂದರೂ ಅವನೂ ಟೂರಿನ ಉದ್ಯಮದವನೇ. "ಅಲ್ಲಾ ಭಾವ, ನಾವು ದಾರೀಲಿ ಅಣೆಕಟ್ಟು ತೋರಿಸ್ತೀವಿ, ಗುಡ್ಡ ತೋರಿಸ್ತೀವಿ, ಊಟಕ್ಕೆ ನಿಲ್ಲಿಸ್ತೀವಿ. ನಿಮ್ಮ ಕಂಪನಿ ಏನು ತೋರಿಸುತ್ತೆ?"

"ಭೂಮಿ ತೋರಿಸ್ತಾರೆ. ದೂರದಿಂದ."

"ಇಲ್ಲೇ ಇರೋ ಭೂಮೀನ ದೂರ ಹೋಗಿ ನೋಡೋದಾ? ಇಳಿಸ್ತಾರಾ ಎಲ್ಲಾದ್ರೂ?"

"ಇಳಿಯೋಕಾಗಲ್ಲ."

"ಇಳಿದು ಒಂದು ಫೋಟೋ ತೆಗೆಸ್ಕೊಳ್ಳೋಕಾಗದ ಟೂರು ಎಂಥ ಟೂರು ಭಾವ? ಬಾತ್‌ರೂಮಿಗಾದ್ರೂ ನಿಲ್ಲಿಸ್ತಾರೋ ಇಲ್ವೋ?" ಎಂದು ಅವನು ಗೊಣಗಿದ. ಆದರೂ ಹೋಗುವಾಗ "ನಮ್ಮವರಿಗೆ ಒಂದು ಕಿಟಕಿ ಸೀಟು ಹೇಳಿ ಇಡಿ" ಎಂದು ಪಿಸುಗುಟ್ಟಿ ಹೋದ.

ಇಷ್ಟಾದ ಮೇಲೆ ಪ್ರವಾಸೋದ್ಯಮ ಇಲಾಖೆ ಸುಮ್ಮನಿರುತ್ತದೆಯೇ? ಇಲಾಖೆಯ ಅಧಿಕಾರಿ ಸ್ವತಃ ಚಿತ್ರಮಂದಿರಕ್ಕೆ ಬಂದು, ಸಾಹೇಬರ ಎದುರಿಗೇ ಮ್ಯಾನೇಜರನನ್ನು ಪ್ರಶ್ನಿಸಿದರು.

"ಮೇಲೆ ನೋಡೋಕೆ ಏನೇನಿದೆ?"

"ಹೆಚ್ಚು ಕಡಿಮೆ ಏನೂ ಇಲ್ಲ ಸಾರ್. ಖಾಲಿ."

"ಕೋಟೆ? ಕೆರೆ? ಪಾಳುಬಿದ್ದ ಕಟ್ಟಡ?"

"ಯಾವುದೂ ಇಲ್ಲ."

ಅಧಿಕಾರಿಯ ಮುಖ ಅರಳಿತು. "ಅಂದ್ರೆ ದುರಸ್ತಿ ಮಾಡಿಸೋದು ಇಲ್ಲ, ಯಾರೂ ಗೋಡೆ ಮೇಲೆ ಹೆಸರು ಕೆತ್ತೋದಿಲ್ಲ, ಕಸ ಹಾಕಿದಾರೆ ಅಂತ ಪೇಪರಲ್ಲಿ ಬರೆಯೋದಿಲ್ಲ. ಏನೂ ಇಲ್ಲದ ಕಡೆ ಹಾಳಾಗೋಕೂ ಏನೂ ಇಲ್ಲ! ನನ್ನ ಸರ್ವಿಸಿನಲ್ಲೇ ಇಂಥ ಪ್ರವಾಸಿ ತಾಣ ಸಿಕ್ಕಿರಲಿಲ್ಲ ಕಣ್ರೀ." ಅಲ್ಲೇ ನಿಂತು ವಾಹನ ನಿಲುಗಡೆಗೆ ಜಾಗ ಗುರುತಿಸಿದರು. ಶೌಚಾಲಯ ಎಲ್ಲಿ, ಟಿಕೆಟ್ ಕೌಂಟರ್ ಎಲ್ಲಿ ಎಂದು ಕೈ ತೋರಿಸಿದರು. ರಾಕೆಟ್ ಎಲ್ಲಿ ಎಂದು ಮಾತ್ರ ಕೇಳಲಿಲ್ಲ, ಅದು ಅವರ ಇಲಾಖೆಗೆ ಸೇರಿದ್ದಲ್ಲ. ಕೊನೆಗೆ ಸಾಹೇಬರ ಬೆನ್ನು ತಟ್ಟಿ, "ಬರೋ ಭಾನುವಾರ ಇಲ್ಲೇ ನಿಮಗೆ ಸನ್ಮಾನ. ಎಲ್ಲರ ಮುಂದೆ ಕುರ್ಚೀಲಿ ಒಂದು ಸಲ ತಿರುಗಿ ತೋರಿಸಿಬಿಡಿ" ಎಂದರು.

ಸನ್ಮಾನದ ಸುದ್ದಿ ಕೇಳಿ ಬೀದಿಗೆ ಬೀದಿಯೇ ಸಡಗರಪಟ್ಟಿತು. ಸಾಹೇಬರ ಹೆಂಡತಿ ಮಾತ್ರ ಬಟ್ಟೆ ಮಡಿಸುತ್ತ ಕೂತು ಒಂದೇ ಒಂದು ಮಾತು ಕೇಳಿದಳು.

"ಅಲ್ಲಾ ರೀ, ನನಗೆ ಒಂದು ಸಮುದ್ರ ತೋರಿಸೋಕೆ ನಿಮ್ಮ ಕೈಲಾಗ್ಲಿಲ್ಲ. ಈಗ ಒಬ್ಬರೇ ಆಕಾಶಕ್ಕೆ ಹೋಗಿಬಿಡ್ತೀರಾ?"

ಸಾಹೇಬರು ಪೇಪರು ಕೆಳಗಿಟ್ಟರು. ಆಗಲೇ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಕಿಟಕಿಯಾಚೆ ಹೋಗುತ್ತಿದ್ದ ಯಾರೋ "ನಮಸ್ಕಾರ ಸಾರ್" ಎಂದರು. ಬಾಯಿ ತೆರೆದದ್ದು ತೆರೆದೇ "ನಮಸ್ಕಾರ, ನಮಸ್ಕಾರ" ಎಂದುಬಿಟ್ಟರು. ನಮಸ್ಕಾರದ ರುಚಿ ಹತ್ತಿದ ಬಾಯಿಗೆ ನಿಜ ಹೇಳುವುದು ಬಹಳ ಕಷ್ಟ.

ಅವರಿಗೆ ಇನ್ನೂ ಒಂದು ಚಿಂತೆ ಇತ್ತು, ಅದನ್ನಂತೂ ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ದಿನಾ ತಿರುಗಿ ತಿರುಗಿ ಅವರ ಹೊಟ್ಟೆ ಗಟ್ಟಿಯಾಗತೊಡಗಿತ್ತು! ಮೊದಮೊದಲು ಬೆಲ್ಟು ಹಾಕುವಾಗಲೇ ಬರುತ್ತಿದ್ದದ್ದು ಆಮೇಲೆ ಅರ್ಧ ತಿರುಗಿದ ಮೇಲೆ ಬರತೊಡಗಿತು, ಆಮೇಲೆ ಇಳಿದ ಮೇಲೆ. ಈಚೆಗೆ ಬರುವುದೇ ನಿಂತುಹೋಗಿತ್ತು. ತಲೆಕೆಳಗಾಗಿ ತೂಗಾಡುವಾಗ ಅವರಿಗೆ ನಿದ್ದೆ ಬಂದಂತಾಗುತ್ತಿತ್ತು. ಆದರೆ ವಾಂತಿ ನಿಂತರೆ ಕೆಲಸ ನಿಂತಿತು, ಕೆಲಸ ನಿಂತರೆ ನಮಸ್ಕಾರ ನಿಂತಿತು, ಭಾವಮೈದ ಮತ್ತೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಆದ್ದರಿಂದ ಸಾಹೇಬರು ಕುರ್ಚಿಯಿಂದ ಇಳಿದ ಕೂಡಲೇ ಬಕೆಟ್ಟಿನೊಳಗೆ ತಲೆ ತೂರಿಸಿ, ಬಾಯಿಂದಲೇ "ಓವ್… ಓವಾಕ್" ಎಂದು ದನಿ ಹೊರಡಿಸುವುದನ್ನು ಅಭ್ಯಾಸ ಮಾಡಿಕೊಂಡರು. ಒಮ್ಮೊಮ್ಮೆ ಗೊತ್ತಾಗದ ಹಾಗೆ ಲೋಟದ ನೀರನ್ನೂ ಚೆಲ್ಲುತ್ತಿದ್ದರು. ಗೋಡೆಯಾಚೆ ನಿಂತ ಮೇಷ್ಟ್ರು "ದನಿ ಈಗ ಎಷ್ಟು ಪಳಗಿದೆ ನೋಡಿ" ಎಂದು ಮೆಚ್ಚಿಕೊಂಡರು. ಒಳಗೆ ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು, ಸರಿಯಾಗಿಯೇ ಇದ್ದ ಕುರ್ಚಿಯನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸಿ, ದಿನದಿಂದ ದಿನಕ್ಕೆ ಕೆಡಿಸುತ್ತ ಹೋದ.

ಭಾನುವಾರ ಬಂತು. ಚಿತ್ರಮಂದಿರ ತುಂಬಿ ತುಳುಕಿತು. ಬಾಡಿಗೆ ಕುರ್ಚಿಗಳ ಮುಂದಿನ ಸಾಲಿನಲ್ಲಿ ಹೆಂಡತಿ, ಭಾವಮೈದ, ಮೇಷ್ಟ್ರು, ಲಾಡ್ಜಿನ ಮಾಲೀಕರು. ಸಾಹೇಬರಿಗೆ ಬೆಳ್ಳಿ ಬಣ್ಣದ ದೊಗಳೆ ಅಂಗಿ ತೊಡಿಸಿದ್ದರು. ಮ್ಯಾನೇಜರ್ ಅವರ ಕಿವಿಯಲ್ಲಿ, "ಸಾರ್, ಇವತ್ತೊಂದು ದಿನ ಹೇಗಾದ್ರೂ ತಡ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ. ಅಧಿಕಾರಿ ಅಂತರಿಕ್ಷ ಪ್ರವಾಸೋದ್ಯಮದ ಉಜ್ವಲ ಭವಿಷ್ಯದ ಬಗ್ಗೆ ದೀರ್ಘವಾಗಿ ಮಾತಾಡಿದರು. ಊರಿನ ಪ್ರತಿ ಮನೆಯಿಂದ ಒಬ್ಬರು ಗಗನಕ್ಕೆ ಹೋಗುವ ಕಾಲ ದೂರವಿಲ್ಲ ಎಂದಾಗ, ಅತ್ತೆಯರ ಜೊತೆ ಬಂದಿದ್ದ ಸೊಸೆಯರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಕುರ್ಚಿ ತಿರುಗಿತು. ಎದ್ದಿತು, ಬಿದ್ದಿತು, ತಲೆಕೆಳಗಾಯಿತು. ಸಾಹೇಬರು ಹಜಾಮನ ಅಂಗಡಿಯಲ್ಲಿ ಕೂತವರ ಹಾಗೆ ಕೈಕಟ್ಟಿ ಕೂತಿದ್ದರು. ಕುರ್ಚಿ ನಿಂತ ಮೇಲೆ ನೆಟ್ಟಗೆ ಇಳಿದು, ಸಭೆಗೆ ವಂದಿಸಿ, ಹೆಂಡತಿಯ ಕಡೆ ನೋಡಿದರು. ಚಪ್ಪಾಳೆಗೆ ಚಾವಣಿ ಹಾರಿತು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಮ್ಯಾನೇಜರನಿಗೆ ಸಂತೋಷ ತಡೆಯಲಾಗಲಿಲ್ಲ. ಓಡಿ ಬಂದು ಮೈಕು ಕಿತ್ತುಕೊಂಡ.

"ಗೆದ್ವಿ! ನಮ್ಮ ಕುರ್ಚಿ ಗೆದ್ದಿತು! ಸ್ವಾಮೀ, ಈ ಊರಲ್ಲಿ ಇವರಷ್ಟು ವಾಂತಿ ಮಾಡೋರು ಇನ್ನೊಬ್ಬರಿಲ್ಲ. ಅದಕ್ಕೇ ಇವರನ್ನ ಆರಿಸಿದ್ದು. ದಿನಾ ಬೆಳಿಗ್ಗೆ ಬಂದು ಬಕೆಟ್ ಬಕೆಟ್ ಕಕ್ಕಿ ಹೋಗ್ತಿದ್ರು. ಅಂಥವರೇ ಇವತ್ತು ಕಕ್ಕಲಿಲ್ಲ ಅಂದ್ಮೇಲೆ ಇನ್ಯಾರೂ ಕಕ್ಕಲ್ಲ!"

ಮೊದಲು ಚೇತರಿಸಿಕೊಂಡವರು ಮೇಷ್ಟ್ರು. ನಿಧಾನವಾಗಿ ಎದ್ದು ನಿಂತು, "ಹಾಗಾದ್ರೆ… ನಾವೆಲ್ಲ ಪಾರ್ಕಲ್ಲಿ ದಿನಾ ಬೆಳಿಗ್ಗೆ ಮಾಡ್ತಿದ್ದದ್ದು…?" ಎಂದು ಅರ್ಧಕ್ಕೆ ನಿಲ್ಲಿಸಿದರು. ಪಾರ್ಕಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವಮೈದ ಬಾಯಿಗೆ ಕರವಸ್ತ್ರ ತುರುಕಿಕೊಂಡರೂ ನಗು ಮೂಗಿನಿಂದ ಹೊರಬಂತು. "ಅಂದ್ರೆ ನಮ್ಮ ಭಾವ ಮೇಲೆ ಹೋಗಲ್ಲ, ಇವರದ್ದೇ ಮೇಲಕ್ಕೆ ಬರುತ್ತೆ ಅಷ್ಟೇ!"

ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಳ್ಳಿ ಅಂಗಿಯೊಳಗೇ ಕುಗ್ಗಿದರು. ಆದರೆ ಅಧಿಕಾರಿ ಆಗಲೇ ಕೋಟು ಬಿಚ್ಚುತ್ತಿದ್ದರು. ಯಾರೂ ಕಕ್ಕಲ್ಲ ಅಂದ ಮೇಲೆ, ಈ ಉದ್ಯಮದ ಮೊದಲ ಫೋಟೋದಲ್ಲಿ ಒಬ್ಬ ಮೀಟರಿನವನು ಇರುವುದು ಇಲಾಖೆಗೆ ಶೋಭೆಯಲ್ಲ.

"ಸಾರ್, ಬೇಡ" ಎಂದು ಸಾಹೇಬರು ಅಡ್ಡ ಬಂದರು. "ನನ್ನ ಮಾತು ಕೇಳಿ. ಕುರ್ಚಿ ಸರಿಯಾಗಿಲ್ಲ. ಸರಿಯಾಗಿರೋದು ನಾನು!"

"ಸರೀರಿ ಆ ಕಡೆ. ನಿಮಗೊಬ್ಬರಿಗೇ ಎಲ್ಲಾ ಬೇಕಾ?" ಎಂದು ಅಧಿಕಾರಿ ಅವರನ್ನು ಪಕ್ಕಕ್ಕೆ ತಳ್ಳಿ ಕೂತು ಬೆಲ್ಟು ಬಿಗಿದುಕೊಂಡರು.

ಕುರ್ಚಿ ತಿರುಗಿತು. ಅಧಿಕಾರಿ ಮೊದಲ ಸುತ್ತಿನಲ್ಲಿ ಕೈ ಬೀಸಿದರು, ಎರಡನೆಯ ಸುತ್ತಿನಲ್ಲಿ ಕಣ್ಣು ಮುಚ್ಚಿದರು. ಮೂರನೆಯ ಸುತ್ತಿನಲ್ಲಿ ಬಾಯಿ ತೆರೆದರು. ಕುರ್ಚಿ ತಿರುಗುತ್ತಲೇ ಇದ್ದುದರಿಂದ ಇಲಾಖೆಯ ಈ ಕೊಡುಗೆ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚಿಹೋಯಿತು. ಲಾಡ್ಜಿನ ಮಾಲೀಕರಿಗೆ ಸ್ವಲ್ಪ ಹೆಚ್ಚೇ ಸಿಕ್ಕಿತು. ಅದನ್ನು ಕಂಡು ಮೇಷ್ಟ್ರಿಗೆ ಬಂತು, ಮೇಷ್ಟ್ರನ್ನು ಕಂಡು ಪಾರ್ಕಿನವರಿಗೆಲ್ಲ ಬಂತು. ಇಷ್ಟು ದಿನದ ಅಭ್ಯಾಸ ವ್ಯರ್ಥವಾಗಲಿಲ್ಲ. ಇಡೀ ಚಿತ್ರಮಂದಿರ ಒಂದೇ ಕಂಠದಿಂದ ದನಿಗೂಡಿಸಿತು. ಅಂತರಿಕ್ಷ ಪ್ರವಾಸೋದ್ಯಮದ ಉಜ್ವಲ ಭವಿಷ್ಯ ನೆಲದ ಮೇಲೆಲ್ಲ ಹರಡಿಕೊಂಡಿತ್ತು, ಕಾಲಿಡಲು ಜಾಗವಿರಲಿಲ್ಲ.

ಮ್ಯಾನೇಜರ್ ಸಾಹೇಬರ ಬೆಳ್ಳಿ ಅಂಗಿಯ ಕಾಲರ್ ಹಿಡಿದುಕೊಂಡು ಅತ್ತೇಬಿಟ್ಟ. "ಯಾವಾಗಿನಿಂದ ಬರ್ತಾ ಇಲ್ಲ ಸಾರ್ ನಿಮಗೆ? ನಿಜ ಹೇಳಿ. ಯಾವಾಗಿನಿಂದ ಸುಳ್ಳು ಸುಳ್ಳೇ ಕಕ್ತಾ ಇದೀರಿ? ಚೆನ್ನಾಗಿದ್ದ ಹೊಟ್ಟೇನ ಹಾಳು ಮಾಡ್ಕೊಂಡ್ರಲ್ಲಾ!"

ಕಂಪನಿ ಮರುವಾರವೇ ಕುರ್ಚಿಯನ್ನು ಲಾರಿಗೆ ಹೇರಿಕೊಂಡು, ಇನ್ನೂ ಮೆತ್ತನೆಯ ಹೊಟ್ಟೆಯ ಊರನ್ನು ಹುಡುಕಿಕೊಂಡು ಹೋಯಿತು. ಚಿತ್ರಮಂದಿರ ತೊಳೆದ ನೀರಿನ ಲೆಕ್ಕ ಮೀಟರಿನಲ್ಲಿ ದಾಖಲಾಗಿ, ಅದನ್ನು ಓದುವ ಕೆಲಸ ಸಾಹೇಬರ ಪಾಲಿಗೇ ಬಂತು. ಲಾಡ್ಜಿನ ಹೊಸ ಮಹಡಿಯಲ್ಲಿ ಆಕಾಶ ಮೊದಲಿನಂತೆ ಪುಕ್ಕಟೆ ಕಾಣಿಸತೊಡಗಿತು.

ಆದರೆ ಇದೆಲ್ಲ ಆಮೇಲಿನ ಮಾತು. ಆ ಭಾನುವಾರ ಸಾಹೇಬರು ಬೆಳ್ಳಿ ಅಂಗಿಯಲ್ಲೇ ತಲೆ ತಗ್ಗಿಸಿಕೊಂಡು ಮನೆಯ ಕಡೆ ನಡೆದರು. ಪಕ್ಕದಲ್ಲಿ ಹೆಂಡತಿ.

"ನಿನಗೆ ಸುಳ್ಳು ಹೇಳಿದೆ ಕಣೇ" ಎಂದರು ಸಾಹೇಬರು ಕೊನೆಗೆ. "ಬೆರಳಲ್ಲಿ."

"ನನಗೆ ಮೊದಲನೇ ದಿನಾನೇ ಗೊತ್ತಿತ್ತು" ಎಂದಳು ಹೆಂಡತಿ. "ನಿಮ್ಮ ಶರಟು ಒಗೆಯೋಳು ನಾನಲ್ವಾ?"

ಸಾಹೇಬರು ನಡುರಸ್ತೆಯಲ್ಲೇ ನಿಂತರು. "ಮತ್ತೆ ಸುಮ್ಮನಿದ್ದೆಯಲ್ಲೇ!"

"ಬೀದಿಯೋರೆಲ್ಲ ನಿಮಗೆ ನಮಸ್ಕಾರ ಮಾಡ್ತಿದ್ರಲ್ಲ. ನೋಡೋಕೆ ಚೆನ್ನಾಗಿತ್ತು." ಆಕೆ ಸೆರಗು ಸರಿಮಾಡಿಕೊಂಡಳು. "ಆದ್ರೆ ಈಚೆಗೆ ಶರಟು ಶುದ್ಧವಾಗಿ ಬರ್ತಿತ್ತು. ಒಂದು ಕಲೆ ಇಲ್ಲ, ಒಂದು ವಾಸನೆ ಇಲ್ಲ. ನಮ್ಮ ಯಜಮಾನರಿಗೆ ವಾಸಿಯಾಯ್ತು ಅಂತ ಅವತ್ತೇ ಅಂದ್ಕೊಂಡೆ. ತಮ್ಮನಿಗೆ ಹೇಳಿ ಎರಡು ಸೀಟು ಹಿಡಿಸಿದೀನಿ, ಬರೋ ವಾರದ್ದು."

ಮುಂದಿನ ವಾರ ಟೂರಿಸ್ಟ್ ಬಸ್ಸು ಹೊರಟಿತು. ಭಾವಮೈದ ಭಾವನನ್ನು ಹತ್ತಿಸಿಕೊಳ್ಳುವಾಗ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದ, ಕಿಟಕಿಯ ಗಾಜು ಪೂರ್ತಿ ಸರಿಸಿದ್ದ. ಸಾಹೇಬರು ಗಾಜನ್ನು ಮತ್ತೆ ಮುಚ್ಚಿ ರಾಜನ ಹಾಗೆ ಕೂತರು. ಊರು ದಾಟಿತು. ಬಸ್ಸು ಕುಲುಕಿತು, ಅವರಿಗೆ ಏನೂ ಆಗಲಿಲ್ಲ. ಹಳ್ಳ ಇಳಿದು ದಿಬ್ಬ ಹತ್ತಿತು, ಆಗಲೂ ಏನೂ ಆಗಲಿಲ್ಲ. ಸಾಹೇಬರು ಹಿಗ್ಗಿ ಹೆಂಡತಿಯ ಕಡೆ ತಿರುಗಿ, "ನೋಡಿದೆಯೇನೇ?" ಎಂದರು.

ಹೆಂಡತಿಯ ಮುಖ ಸುಣ್ಣದ ಗೋಡೆಯಂತಿತ್ತು. "ರೀ…" ಎಂದಳು. ಮುಂದಿನದನ್ನು ಹೇಳಲು ಆಕೆಗೆ ಸಮಯ ಸಿಗಲಿಲ್ಲ. ಬೆಳಗಿನ ತಿಂಡಿಯೆಲ್ಲ ಸಾಹೇಬರ ಹೊಸ ಶರಟಿನ ಮೇಲೆ ಬಂತು.

ಭಾವಮೈದ ಕನ್ನಡಿಯಲ್ಲಿ ನೋಡಿದ, ಬ್ರೇಕು ಹಾಕಿದ. "ಯಾರದು? ಅಕ್ಕಾ? ಅಯ್ಯೋ ದೇವರೇ, ಇಷ್ಟು ವರ್ಷ ತಪ್ಪೆಲ್ಲ ಭಾವನ ಮೇಲೆ ಹಾಕ್ಕೊಂಡು ಬಂದೆಯಲ್ಲೇ!"

"ನನಗೇನು ಗೊತ್ತು?" ಎಂದು ಅಕ್ಕ ಅತ್ತಳು. "ನಾನೆಲ್ಲಿ ಬಸ್ಸು ಹತ್ತಿದ್ದೆ?"

"ತಿರುಗಿಸಲಾ ಹಿಂದಕ್ಕೆ?"

"ತಿರುಗಿಸಿದ್ರೆ ನೋಡು! ಸಮುದ್ರ ನೋಡದೆ ನಾನು ಮನೆಗೆ ಬರಲ್ಲ."

ದಾರಿಯುದ್ದಕ್ಕೂ ಸಾಹೇಬರು ಆಕೆಯ ತಲೆ ಹಿಡಿದುಕೊಂಡರು, ನೆತ್ತಿ ತಟ್ಟಿದರು, ಬಾಯಿ ಒರೆಸಿದರು. ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು, ಯಾವ ತಿರುವಿನಲ್ಲಿ ಉಸಿರು ಬಿಗಿಹಿಡಿಯಬೇಕು ಎಂದು ಕಿವಿಯಲ್ಲಿ ಹೇಳುತ್ತ ಹೋದರು. ಇಷ್ಟು ವರ್ಷದಲ್ಲಿ ಹೆಂಡತಿಯ ಮೇಲೆ ಅವರಿಗೆ ಇಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಇಬ್ಬರೂ ಒಂದೇ ಜಾತಿಯ ಜನ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಬಸ್ಸು ನಿಂತಿತು. ಸಾಹೇಬರು ಆಕೆಯ ತೋಳು ಹಿಡಿದು ಮರಳಿನ ಮೇಲೆ ನಡೆಸಿಕೊಂಡು ಬಂದು ನಿಲ್ಲಿಸಿ, "ಕಣ್ಣು ಬಿಡು, ಬಂತು" ಎಂದರು.

ಆಕೆ ಕಣ್ಣು ಬಿಟ್ಟಳು. ಕಣ್ಣು ಹಾಯಿಸಿದಷ್ಟು ದೂರವೂ ಸಮುದ್ರ. ಆದರೆ ಅದು ಒಂದು ಕ್ಷಣವೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಏಳುತ್ತಿತ್ತು, ಬೀಳುತ್ತಿತ್ತು, ಹೊರಳುತ್ತಿತ್ತು. ಆಕೆ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಕಣ್ಣು ಮುಚ್ಚಿದಳು.

"ರೀ, ಒಂದು ನಿಮಿಷ ಇದನ್ನ ನಿಲ್ಲಿಸೋಕೆ ಹೇಳ್ರೀ."

ಸಾಹೇಬರು ಸಮುದ್ರವನ್ನೊಮ್ಮೆ ನೋಡಿದರು. ಆಮೇಲೆ ಅದಕ್ಕೆ ಬೆನ್ನು ಹಾಕಿ, ಕಲೆಯಾದ ಶರಟಿನಲ್ಲೇ ಎರಡೂ ಕೈ ಅಗಲ ಮಾಡಿಕೊಂಡು ಆಕೆಯ ಮುಂದೆ ಅಡ್ಡ ನಿಂತರು.

"ಹ್ಞೂಂ, ಈಗ ಬಿಡು ಕಣ್ಣು."

ಆಕೆ ನಿಧಾನವಾಗಿ ಕಣ್ಣು ಬಿಟ್ಟಳು. ಎದುರಿಗೆ ಗಂಡ ನಿಂತಿದ್ದ. ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ.

"ಹಾಂ, ಈಗ ಸರಿ ಇದೆ" ಎಂದಳು.